ಪರೀಕ್ಷೆ ಬರೆಯದೆ ಬಂದ ಅಂಕ: 2021ರ ಪಿಯು ಲೆಕ್ಕ ಏನಾಗಿತ್ತು, ಅಂಕ ತಪ್ಪಿದ್ರೆ ಕೇಳೋದು ಹೇಗೆ?

2021ರಲ್ಲಿ ದ್ವಿತೀಯ ಪಿಯುಸಿ ಪಾಸಾದವರ ಅಂಕಪಟ್ಟಿ ಇವತ್ತಿಗೂ ಚರ್ಚೆಗೆ ಬರುತ್ತೆ. 'ಓ, ಕೊರೊನಾ ಬ್ಯಾಚಾ?' ಅಂತ ಕೇಳಿಸಿಕೊಳ್ಳದವರು ಆ ವರ್ಷದವರಲ್ಲಿ ಕಡಿಮೆ. ಆದರೆ ಆ ಅಂಕ ಹೇಗೆ ಬಂತು ಅನ್ನೋದು ಹಲವು ಪೋಷಕರಿಗೆ ಈಗಲೂ ಸರಿಯಾಗಿ ಗೊತ್ತಿಲ್ಲ. ಗೊತ್ತಿರಬೇಕು, ಯಾಕಂದ್ರೆ ಅದೇ ಥರದ ಅಂಕ ಈಗಲೂ ಸ್ವಲ್ಪ ಮಟ್ಟಿಗೆ ನಮ್ಮ ಮಕ್ಕಳ ಅಂಕಪಟ್ಟಿಯಲ್ಲಿದೆ.

ಲೆಕ್ಕ ಹಾಕಿದ್ದು ಹೀಗೆ

ಕೋವಿಡ್ ಎರಡನೇ ಅಲೆ ಕಾರಣಕ್ಕೆ ಆ ವರ್ಷ ದ್ವಿತೀಯ ಪಿಯು ಪರೀಕ್ಷೆ ರದ್ದಾಯ್ತು. ಬದಲಿಗೆ ಎಸ್ಸೆಸ್ಸೆಲ್ಸಿ ಅಂಕದಿಂದ ಶೇ 45, ಪ್ರಥಮ ಪಿಯು ಅಂಕದಿಂದ ಶೇ 45, ದ್ವಿತೀಯ ಪಿಯು ಆಂತರಿಕ ಮೌಲ್ಯಮಾಪನಕ್ಕೆ ಶೇ 10 ಅಂತ ಸೂತ್ರ ಮಾಡಿದರು. ಉದಾಹರಣೆಗೆ ಒಬ್ಬ ಹುಡುಗನ ಎಸ್ಸೆಸ್ಸೆಲ್ಸಿ ಅಂಕ ನೂರಕ್ಕೆ 80, ಪ್ರಥಮ ಪಿಯು 60, ಆಂತರಿಕ ಅಂಕ ಪೂರ್ತಿ 10 ಅಂತಿಟ್ಟುಕೊಳ್ಳಿ. 36, 27, 10 ಕೂಡಿಸಿದ್ರೆ 73. ಕಿರಾಣಿ ಅಂಗಡಿ ಚೀಟಿ ಲೆಕ್ಕದಷ್ಟೇ ಸುಲಭ.

ಫಲಿತಾಂಶ ಬಂದಿದ್ದು ಜುಲೈ 20ರಂದು. ಹಾಲ್ ಟಿಕೆಟ್ಟೇ ಇಲ್ಲದ ಕಾರಣ ಮಕ್ಕಳು ಮೊದಲು ವೆಬ್‌ಸೈಟಿನಲ್ಲಿ ತಮ್ಮ ನೋಂದಣಿ ಸಂಖ್ಯೆ ಹುಡುಕಬೇಕಿತ್ತು, ಆಮೇಲೆ ಅಂಕ. ಸುಮಾರು 6.66 ಲಕ್ಷ ಮಕ್ಕಳು ಎಲ್ಲರೂ ಪಾಸ್. 600ಕ್ಕೆ 600 ತೆಗೆದವರೇ 2,239 ಮಂದಿ. ಹಿಂದಿನ ವರ್ಷ, ಅಂದ್ರೆ 2020ರಲ್ಲಿ, ಪಾಸಾದವರು ಶೇ 61.80 ಮಾತ್ರ.

ಸೂತ್ರ ಬಹಿರಂಗವಾಗಿತ್ತು, ಅಷ್ಟರ ಮಟ್ಟಿಗೆ ಒಳ್ಳೇದೇ. ಆದರೆ ಸೂತ್ರ ಗೊತ್ತಾದ್ರೆ ಸಾಲದು, ಅದರೊಳಗೆ ಹಾಕಿದ ಸಂಖ್ಯೆ ಎಲ್ಲಿಂದ ಬಂತು ಅನ್ನೋದೂ ಗೊತ್ತಾಗಬೇಕು. ಎಸ್ಸೆಸ್ಸೆಲ್ಸಿ ಉತ್ತರ ಪತ್ರಿಕೆ ತಿದ್ದೋದು ಹೊರಗಿನವರು. ಪ್ರಥಮ ಪಿಯುದು ಕಾಲೇಜು ಮಟ್ಟದಲ್ಲೇ ಮುಗಿಯುತ್ತೆ. ಪ್ರಥಮ ಪಿಯು ಬರೆಯುವಾಗ ಅದೇ ಅಂಕ ಮುಂದೆ ಅರ್ಧಕ್ಕರ್ಧ ಜೀವನ ತೂಗುತ್ತೆ ಅಂತ ಯಾವ ಮಗುವಿಗೂ ಗೊತ್ತಿರಲಿಲ್ಲ. 'ಪಾಸಾದ್ರೆ ಸಾಕು, ಸೆಕೆಂಡ್ ಇಯರ್‌ನಲ್ಲಿ ಓದ್ಕೊಂಡ್ರಾಯ್ತು' ಅಂತಿದ್ದವರಿಗೆ ಏಟು ಬಿದ್ದಿದ್ದು ಇಲ್ಲೇ.

ಒಪ್ಪದಿದ್ದವರಿಗೆ ಇದ್ದ ದಾರಿ

ಉತ್ತರ ಪತ್ರಿಕೆಯೇ ಇಲ್ಲದ ಮೇಲೆ ಮರುಮೌಲ್ಯಮಾಪನ ಎಲ್ಲಿಂದ ಬರಬೇಕು? ಉಳಿದಿದ್ದು ಒಂದೇ: ಅಂಕ ಬೇಡ ಅಂತ ಹೇಳಿ ಪರೀಕ್ಷೆಗೆ ಕೂರೋದು. ಆಗಸ್ಟ್ 19ರಿಂದ ಸೆಪ್ಟೆಂಬರ್ 3ರವರೆಗೆ ಆ ಪರೀಕ್ಷೆ ನಡೀತು.

ಸಿಬಿಎಸ್‌ಇ ಕಥೆ ಸ್ವಲ್ಪ ಬೇರೆ. ಅಲ್ಲಿ ಹತ್ತನೇ ತರಗತಿಗೆ 30, ಹನ್ನೊಂದಕ್ಕೆ 30, ಹನ್ನೆರಡಕ್ಕೆ 40ರ ಸೂತ್ರ. ಅತೃಪ್ತರಿಗೆ ಅಲ್ಲೂ ಪರೀಕ್ಷೆ ಇತ್ತು, ಆದರೆ ಪರೀಕ್ಷೆ ಬರೆದರೆ ಅದರ ಅಂಕವೇ ಅಂತಿಮ ಅನ್ನೋ ಷರತ್ತಿನೊಂದಿಗೆ. ಕಡಿಮೆ ಬಂದ ಮಕ್ಕಳು ಸುಪ್ರೀಂ ಕೋರ್ಟಿಗೆ ಹೋದರು. 2022ರ ಜನವರಿಯಲ್ಲಿ ಕೋರ್ಟ್ ಆ ಷರತ್ತನ್ನೇ ತೆಗೆದುಹಾಕಿ, ಎರಡರಲ್ಲಿ ಯಾವ ಅಂಕ ಬೇಕೋ ಅದನ್ನು ವಿದ್ಯಾರ್ಥಿಯೇ ಆರಿಸಿಕೊಳ್ಳಲಿ ಅಂತು. ಮೇಲ್ಮನವಿ ಕೇಳಿದ್ದಕ್ಕೇ ಇದ್ದ ಅಂಕವೂ ಹೋಗುತ್ತೆ ಅಂದ್ರೆ ಯಾರು ತಾನೇ ಕೇಳೋಕೆ ಹೋಗ್ತಾರೆ?

ಸಿಇಟಿಯಲ್ಲಿ ಎದ್ದ ಜಗಳ

ನಮ್ಮಲ್ಲಿ ನಿಜವಾದ ಪೆಟ್ಟು ಬಿದ್ದಿದ್ದು ಒಂದು ವರ್ಷ ಆದ ಮೇಲೆ. ಎಂಜಿನಿಯರಿಂಗ್ ರ್‍ಯಾಂಕಿಗೆ ಮಾಮೂಲಾಗಿ ಪಿಯು ಅಂಕ ಅರ್ಧ, ಸಿಇಟಿ ಅಂಕ ಅರ್ಧ. 2021ರಲ್ಲಿ ಪಿಯು ಅಂಕ ಬಿಟ್ಟು ಸಿಇಟಿ ಮಾತ್ರ ನೋಡಿದರು. ಎಲ್ಲರಿಗೂ ಒಂದೇ ನಿಯಮ, ತಕರಾರಿಲ್ಲ. 2022ರಲ್ಲಿ ಹೊಸ ಬ್ಯಾಚಿಗೆ ಮತ್ತೆ ಅರ್ಧ-ಅರ್ಧ ಬಂತು. ಆದರೆ 2021ರಲ್ಲಿ ಪಿಯು ಮುಗಿಸಿ ಎರಡನೇ ಸಲ ಸಿಇಟಿ ಬರೆದ ಸುಮಾರು 24 ಸಾವಿರ ಮಕ್ಕಳಿಗೆ ಪಿಯು ಅಂಕ ಸೇರಿಸಲೇ ಇಲ್ಲ. ಜುಲೈ 30ಕ್ಕೆ ಫಲಿತಾಂಶ ಬಂದಾಗ ರ್‍ಯಾಂಕ್ ಪಾತಾಳಕ್ಕೆ ಹೋಗಿತ್ತು. ಸರ್ಕಾರವೇ ಕೊಟ್ಟ ಅಂಕವನ್ನ ಸರ್ಕಾರದ ಪ್ರಾಧಿಕಾರವೇ ಲೆಕ್ಕಕ್ಕೆ ತಗೊಳ್ಳಲಿಲ್ಲ.

ಹೈಕೋರ್ಟಿನ ಏಕಸದಸ್ಯ ಪೀಠ ಸೆಪ್ಟೆಂಬರ್ 3ರಂದು ಮಕ್ಕಳ ಪರ ಆದೇಶ ಕೊಟ್ಟಿತು. ಸರ್ಕಾರ ಮೇಲ್ಮನವಿ ಹೋಯ್ತು. ಕೊನೆಗೆ ವಿಭಾಗೀಯ ಪೀಠದ ಮುಂದೆ ರಾಜಿ ಸೂತ್ರ: 2021ರವರ ಪಿಯು ಅಂಕದಲ್ಲಿ ಭೌತವಿಜ್ಞಾನಕ್ಕೆ 6, ರಸಾಯನಕ್ಕೆ 5, ಗಣಿತಕ್ಕೆ 7 ಕಳೆದು ಉಳಿದಿದ್ದನ್ನ ಪರಿಗಣಿಸಿ ಹೊಸ ರ್‍ಯಾಂಕ್ ಕೊಡೋದು. ಎಲ್ಲರಿಗೂ ಒಂದೇ ಕಡಿತ, ನಿಜವಾಗಿ ಓದಿದವರಿಗೂ. ಪೂರ್ತಿ ನ್ಯಾಯ ಅಂತ ನನಗನ್ನಿಸಲ್ಲ, ಆದರೆ ಸೀಟು ಹಂಚೋ ಹೊತ್ತಿಗೆ ಅದಕ್ಕಿಂತ ಬೇಗ ಆಗೋ ದಾರಿಯೂ ಕಾಣ್ತಿರಲಿಲ್ಲ.

ಈಗ ನೀವು ಮಾಡಬಹುದಾದ್ದು

ಈಗ ಪರೀಕ್ಷೆ ನಡೆಯುತ್ತೆ, ಒಂದಕ್ಕಿಂತ ಹೆಚ್ಚು ಅವಕಾಶವೂ ಇದೆ, ಹೆಚ್ಚು ಬಂದ ಅಂಕ ಉಳಿಯುತ್ತೆ. ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ, ಮರುಎಣಿಕೆ, ಮರುಮೌಲ್ಯಮಾಪನ ಎಲ್ಲ ಕೇಳಬಹುದು. ಆದರೆ ಎಸ್ಸೆಸ್ಸೆಲ್ಸಿಯಲ್ಲೂ, ಪ್ರಾಯೋಗಿಕ ಇಲ್ಲದ ಪಿಯು ವಿಷಯಗಳಲ್ಲೂ 20 ಅಂಕ ಆಂತರಿಕ. ಅದನ್ನ ಕೊಡೋದು ಶಾಲೆ, ಕಾಲೇಜೇ. ಮರುಮೌಲ್ಯಮಾಪನಕ್ಕೆ ಹಾಕಿದ್ರೆ ತಿದ್ದೋದು ಉತ್ತರ ಪತ್ರಿಕೆಯನ್ನ ಮಾತ್ರ, ಈ 20ನ್ನ ಅಲ್ಲ.

ಹಾಗಾಗಿ ಕಾಲೇಜಿನವರು ಆಂತರಿಕ ಅಂಕ ಮೇಲಕ್ಕೆ ಕಳಿಸೋ ಮುಂಚೆನೇ ಹೋಗಿ ನೋಡಿ. ಕಿರುಪರೀಕ್ಷೆ ಪತ್ರಿಕೆ, ಪ್ರಾಜೆಕ್ಟ್ ಮನೆಯಲ್ಲಿ ಜೋಪಾನವಾಗಿಡಿ. ಅನುಮಾನ ಇದ್ರೆ ಪ್ರಾಂಶುಪಾಲರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಸಹಿ ಹಾಕಿಸ್ಕೊಳ್ಳಿ. ಬಾಯಿಮಾತು ಆಮೇಲೆ ನಿಲ್ಲಲ್ಲ.

ಸರ್ಕಾರಿ ಕಚೇರಿ ಅಥವಾ ಮಂಡಳಿಯಲ್ಲಿರೋ ದಾಖಲೆಗೆ ಮಾಹಿತಿ ಹಕ್ಕು ಕಾಯ್ದೆ ಇದೆ. ಅರ್ಜಿ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಬರದಿದ್ರೆ 30 ದಿನದೊಳಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ರೆ 90 ದಿನದೊಳಗೆ ಮಾಹಿತಿ ಆಯೋಗ. ತಿದ್ದಿದ ಉತ್ತರ ಪತ್ರಿಕೆ ನೋಡೋ ಹಕ್ಕು ವಿದ್ಯಾರ್ಥಿಗಿದೆ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಆದರೆ ಪತ್ರಿಕೆಗಳನ್ನ ಮಂಡಳಿ ಇಟ್ಟುಕೊಳ್ಳೋ ಅವಧಿಯೊಳಗೆ ಮಾತ್ರ ಆ ಹಕ್ಕು. ಮರುಮೌಲ್ಯಮಾಪನಕ್ಕೂ ಕೊನೆ ದಿನಾಂಕ ಇರುತ್ತೆ. ಫಲಿತಾಂಶ ಬಂದ ವಾರದಲ್ಲೇ ಕೇಳಿಬಿಡಿ.