ಹೊಂಗೆ ಎಣ್ಣೆ: ಹಣತೆಯಿಂದ ಡೀಸೆಲ್ ಎಂಜಿನ್‌ವರೆಗೆ

ಯುಗಾದಿಯ ಹೊತ್ತಿಗೆ ಚಿಗುರಿ ಹೂ ಬಿಡುವ ಹೊಂಗೆ ಕನ್ನಡ ನಾಡಿನ ರೈತನಿಗೆ ಬರಿಯ ನೆರಳಿನ ಮರವಲ್ಲ. ಅದರ ಸೊಪ್ಪು ಗದ್ದೆಗೆ ಗೊಬ್ಬರ, ಹಿಂಡಿ ತೋಟಕ್ಕೆ, ಎಣ್ಣೆ ಹಣತೆಗೆ. ಕಹಿಯಾದ್ದರಿಂದ ಈ ಎಣ್ಣೆ ಅಡುಗೆಮನೆಯ ಒಲೆಯ ಬಳಿ ಸುಳಿಯಲಿಲ್ಲ. ಸೀಮೆಎಣ್ಣೆ ಬಂದ ಮೇಲೆ ಹಣತೆಯಿಂದಲೂ ಮರೆಯಾಯಿತು. ಇದೇ ಎಣ್ಣೆ ಡೀಸೆಲ್ ಎಂಜಿನ್ನನ್ನು ಓಡಿಸಬಲ್ಲದು, ಅದರ ಹೊಗೆಯನ್ನೂ ತಗ್ಗಿಸಬಲ್ಲದು ಎಂಬುದು ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಹೊಸ ಸುದ್ದಿಯಂತೆ ಕೇಳಿಬಂತು. ಆದರೆ ಸಸ್ಯದ ಎಣ್ಣೆಗೂ ಡೀಸೆಲ್ ಎಂಜಿನ್ನಿಗೂ ಇರುವ ನಂಟು ಹೆಚ್ಚುಕಡಿಮೆ ಎಂಜಿನ್ನಿನಷ್ಟೇ ಹಳೆಯದು.

ಪ್ಯಾರಿಸ್‌ನಲ್ಲಿ ಕಡಲೆಕಾಯಿ ಎಣ್ಣೆ

ಜರ್ಮನಿಯ ಎಂಜಿನಿಯರ್ ರುಡಾಲ್ಫ್ ಡೀಸೆಲ್ 1897ರಲ್ಲಿ ಆಗ್ಸ್‌ಬರ್ಗ್‌ನಲ್ಲಿ ತನ್ನ ಎಂಜಿನ್ನನ್ನು ಯಶಸ್ವಿಯಾಗಿ ಓಡಿಸಿ ತೋರಿಸಿದ. 1900ರ ಪ್ಯಾರಿಸ್ ವಿಶ್ವ ಪ್ರದರ್ಶನದಲ್ಲಿ ಒಟ್ಟೊ ಕಂಪೆನಿಯ ಪುಟ್ಟ ಡೀಸೆಲ್ ಎಂಜಿನ್ನೊಂದು ಕಡಲೆಕಾಯಿ ಎಣ್ಣೆಯಲ್ಲಿ ನಡೆಯಿತು. ಅದು ಎಷ್ಟು ಸಲೀಸಾಗಿ ಓಡಿತೆಂದರೆ ಇಂಧನ ಬದಲಾಗಿದೆ ಎಂಬುದು ನೋಡಿದ ಬಹುತೇಕರಿಗೆ ತಿಳಿಯಲೇ ಇಲ್ಲ. ಈ ಪ್ರಯೋಗ ಬಯಸಿದ್ದು ಫ್ರೆಂಚ್ ಸರ್ಕಾರ. ಆಫ್ರಿಕದ ವಸಾಹತುಗಳಲ್ಲಿ ಕಡಲೆಕಾಯಿ ಹೇರಳವಾಗಿತ್ತು. ದೂರದಿಂದ ಕಲ್ಲಿದ್ದಲು ಸಾಗಿಸುವ ಬದಲು ಅಲ್ಲಿಯ ಬೆಳೆಯಿಂದಲೇ ಯಂತ್ರ ನಡೆಸಬಹುದೆಂಬುದು ಅದರ ಲೆಕ್ಕಾಚಾರ. ಸಸ್ಯದ ಎಣ್ಣೆಗೆ ಮುಂದೊಂದು ದಿನ ಪೆಟ್ರೋಲಿಯಂನಷ್ಟೇ ಮಹತ್ವ ಬರಬಹುದೆಂದು 1912ರಲ್ಲಿ ಡೀಸೆಲ್ ಸ್ವತಃ ಹೇಳಿದ್ದ. ಮರುವರ್ಷ ಇಂಗ್ಲೆಂಡಿಗೆ ಹೊರಟಿದ್ದ ಹಡಗಿನಿಂದ ಕಾಣೆಯಾದ ಆತ ಮತ್ತೆ ಜೀವಂತ ಸಿಗಲಿಲ್ಲ.

ಪೆಟ್ರೋಲಿಯಂ ಅಗ್ಗವಾಗಿದ್ದಾಗ ಈ ಮಾತು ಯಾರಿಗೂ ನೆನಪಾಗಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಇಂಧನಕ್ಕೆ ತತ್ವಾರವಾದಾಗ ಹಲವು ದೇಶಗಳು ಸಸ್ಯದ ಎಣ್ಣೆಯ ಮೊರೆಹೊಕ್ಕವು. ಯುದ್ಧ ಮುಗಿದೊಡನೆ ಕೈಬಿಟ್ಟವು. 1973ರ ತೈಲ ಬಿಕ್ಕಟ್ಟಿನ ನಂತರ ಮತ್ತೆ ಸಂಶೋಧನೆ ಶುರುವಾಯಿತು.

ಎಣ್ಣೆ ಬಯೋಡೀಸೆಲ್ ಆಗುವ ಬಗೆ

ಸಸ್ಯದ ಎಣ್ಣೆಯ ದೊಡ್ಡ ತೊಡಕು ಅದರ ಮಂದತನ. ಅದು ಡೀಸೆಲ್‌ಗಿಂತ ಸುಮಾರು ಹತ್ತು ಪಟ್ಟು ಗಟ್ಟಿ. ಎಂಜಿನ್ನಿನೊಳಗೆ ಸಣ್ಣ ಹನಿಗಳಾಗಿ ಸಿಡಿಯದೆ, ಪೂರ್ತಿ ಉರಿಯದೆ ಕರಿ ಕಟ್ಟುತ್ತದೆ. ಬ್ರಸೆಲ್ಸ್ ವಿಶ್ವವಿದ್ಯಾಲಯದ ಶವಾನ್ 1937ರಲ್ಲಿ ಇದಕ್ಕೊಂದು ಪರಿಹಾರದ ಪೇಟೆಂಟ್ ಪಡೆದ. ಎಣ್ಣೆಯನ್ನು ಆಲ್ಕೊಹಾಲ್ ಜೊತೆ ವರ್ತಿಸುವಂತೆ ಮಾಡಿದರೆ ಗ್ಲಿಸರಿನ್ ಬೇರೆಯಾಗಿ ತಳಕ್ಕಿಳಿಯುತ್ತದೆ, ಮೇಲೆ ತೆಳ್ಳಗಿನ ಎಸ್ಟರ್ ಉಳಿಯುತ್ತದೆ. ಇಂದಿನ ಬಯೋಡೀಸೆಲ್ ಇದೇ. ಈಗ ಸಾಮಾನ್ಯವಾಗಿ ಮೆಥನಾಲ್ ಮತ್ತು ಕಾಸ್ಟಿಕ್ ಸೋಡಾ ಬಳಸುತ್ತಾರೆ. 100 ಕೆ.ಜಿ. ಎಣ್ಣೆಗೆ ಹತ್ತು ಕೆ.ಜಿ.ಯಷ್ಟು ಮೆಥನಾಲ್ ಸೇರಿದರೆ ಹೆಚ್ಚುಕಡಿಮೆ 100 ಕೆ.ಜಿ. ಬಯೋಡೀಸೆಲ್, ಹತ್ತು ಕೆ.ಜಿ. ಗ್ಲಿಸರಿನ್ ಸಿಗುತ್ತವೆ. ಬೀಜ ತೇವದಲ್ಲಿ ಕೆಟ್ಟಿದ್ದರೆ ಎಣ್ಣೆಯ ಆಮ್ಲ ಹೆಚ್ಚಿ, ಇಂಧನದ ಬದಲು ಸಾಬೂನು ಕಟ್ಟುತ್ತದೆ. ಹೊಂಗೆಗೆ ಈ ಎಚ್ಚರ ಹೆಚ್ಚು ಬೇಕು.

ಹೊಗೆ ತಗ್ಗಲು ಕಾರಣವೂ ಸರಳ. ಬಯೋಡೀಸೆಲ್‌ನ ತೂಕದಲ್ಲಿ ಶೇ 11ರಷ್ಟು ಆಮ್ಲಜನಕವಿದೆ. ಅದು ಇಂಧನ ಚೆನ್ನಾಗಿ ಉರಿಯಲು ನೆರವಾಗುತ್ತದೆ. ಗಂಧಕ ಇಲ್ಲವೆನ್ನುವಷ್ಟು ಕಡಿಮೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2002ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ ಶೇ 20 ಬಯೋಡೀಸೆಲ್ ಬೆರೆಸಿದ ಡೀಸೆಲ್‌ನಲ್ಲಿ ಕಣಗಳು ಶೇ 10, ಕಾರ್ಬನ್ ಮಾನಾಕ್ಸೈಡ್ ಶೇ 11, ಉರಿಯದ ಹೈಡ್ರೊಕಾರ್ಬನ್ ಶೇ 21ರಷ್ಟು ಇಳಿಯುತ್ತವೆ. ಆದರೆ ನೈಟ್ರೋಜನ್ ಆಕ್ಸೈಡ್ ಶೇ 2ರಷ್ಟು ಏರುತ್ತದೆ. ಹೊಗೆಯೇ ಇಲ್ಲದ ಇಂಧನವೆಂಬ ಪ್ರಚಾರ ನಿಜವಲ್ಲ.

ಹೊಲದ ಬದುವಿನಿಂದ

ಅಡುಗೆ ಎಣ್ಣೆಯ ಅರ್ಧಕ್ಕಿಂತ ಹೆಚ್ಚನ್ನು ಆಮದು ಮಾಡಿಕೊಳ್ಳುವ ಭಾರತ ಅದನ್ನು ಎಂಜಿನ್ನಿಗೆ ಸುರಿಯುವಂತಿಲ್ಲ. ಆದ್ದರಿಂದಲೇ ಹೊಂಗೆ, ಹಿಪ್ಪೆ, ಬೇವು, ಕಾಡುಹರಳಿನತ್ತ ಗಮನ ಹರಿಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಉಡುಪಿ ಶ್ರೀನಿವಾಸ ಅವರ ಪ್ರಯತ್ನದಿಂದ ಕೋಲಾರ ಜಿಲ್ಲೆಯ ಕಗ್ಗನಹಳ್ಳಿಯಲ್ಲಿ ಹೊಂಗೆ ಎಣ್ಣೆಯ ಜನರೇಟರ್‌ಗಳು ಕೊಳವೆಬಾವಿಯ ನೀರೆತ್ತಿದವು. ಕೃಷಿ ವಿಶ್ವವಿದ್ಯಾಲಯ ಹಾಸನದ ಮಡೆನೂರಿನಲ್ಲಿ ಜೈವಿಕ ಇಂಧನ ಉದ್ಯಾನ ಸ್ಥಾಪಿಸಿತು. ಬೆಳೆ ಬಿಟ್ಟು ಮರ ಬೆಳೆಯಿರೆಂದು ಅಲ್ಲಿ ಹೇಳಲಿಲ್ಲ. ಬದು ಮತ್ತು ಬೇಲಿಯಲ್ಲಿ ನೆಡಿರೆಂದು ಹೇಳಿದರು. 2009ರಲ್ಲಿ ರಾಜ್ಯ ತನ್ನದೇ ಜೈವಿಕ ಇಂಧನ ನೀತಿ ರೂಪಿಸಿತು.

ದೇಶದ ಮಟ್ಟದಲ್ಲಿ ನಡೆದದ್ದು ಬೇರೆ. ಬಂಜರು ನೆಲದಲ್ಲೂ ಹುಲುಸಾಗಿ ಫಲ ಕೊಡುವುದೆಂದು ನಂಬಿ ಕಾಡುಹರಳಿಗೆ ಒತ್ತು ಕೊಟ್ಟರು. ನೀರು, ಗೊಬ್ಬರವಿಲ್ಲದ ಕಡೆ ಗಿಡ ಬದುಕಿತೇ ಹೊರತು ಬೀಜ ಹಿಡಿಯಲಿಲ್ಲ. ನೆಟ್ಟ ಅನೇಕರು ಕಿತ್ತು ಹಾಕಿದರು. 2017ರ ವೇಳೆಗೆ ಶೇ 20 ಮಿಶ್ರಣವೆಂಬ 2009ರ ರಾಷ್ಟ್ರೀಯ ನೀತಿಯ ಗುರಿ ದೂರವೇ ಉಳಿಯಿತು. 2018ರ ನೀತಿ ಅದನ್ನು 2030ಕ್ಕೆ ಶೇ 5ಕ್ಕೆ ಇಳಿಸಿತು. ಕರಿದು ಉಳಿದ ಎಣ್ಣೆಯನ್ನೂ ಕಚ್ಚಾವಸ್ತುವಾಗಿ ಪರಿಗಣಿಸಿತು.

2020ರ ಬಿಎಸ್-6 ಮಾನದಂಡದಿಂದ ಡೀಸೆಲ್‌ನಲ್ಲೇ ಗಂಧಕ ತೀರ ಕಡಿಮೆಯಾಗಿದೆ. ಹಾಗಾಗಿ ಹೊಸ ವಾಹನಗಳಲ್ಲಿ ಬಯೋಡೀಸೆಲ್‌ನ ಲಾಭ ಮೊದಲಿನಷ್ಟಿಲ್ಲ. ಹಳೆಯ ಪಂಪ್‌ಸೆಟ್, ಜನರೇಟರ್, ಟ್ರಾಕ್ಟರ್‌ಗಳ ಮಾತು ಬೇರೆ. ಒಂದು ಲೀಟರ್ ಎಣ್ಣೆಗೆ ಸುಮಾರು ನಾಲ್ಕು ಕೆ.ಜಿ. ಹೊಂಗೆ ಬೀಜ ಬೇಕು. ಅದನ್ನು ಬಿಸಿಲಲ್ಲಿ ಆಯ್ದು, ಒಣಗಿಸಿ, ಸಿಪ್ಪೆ ಬಿಡಿಸುವವರಿಗೆ ಕೂಲಿ ಗಿಟ್ಟದಿದ್ದರೆ ಬೀಜ ಮರದಡಿಯಲ್ಲೇ ಉಳಿಯುತ್ತದೆ. ಯಾವ ನೀತಿಯ ಯಶಸ್ಸೂ ಕೊನೆಗೆ ನಿಂತಿರುವುದು ಆ ಕೂಲಿಯ ಮೇಲೆ.