ರೋಣ, ನರಗುಂದ, ಗಜೇಂದ್ರಗಡ ಸೀಮೆಯಲ್ಲಿ ಸನ್ಮಾನದ ಪದ್ಧತಿ

ಗುಣವಂತರನ್ನು ಹತ್ತು ಜನರ ಸಮಕ್ಷಮದಲ್ಲಿ ಗೌರವಿಸುವ ಪದ್ಧತಿಯು ನಮ್ಮ ಸೀಮೆಗೆ ಹೊಸದಲ್ಲ. ಮಠಗಳ ಜಾತ್ರೆಗಳಲ್ಲಿಯೂ, ಹಿರಿಯ ಗುರುಗಳ ಪುಣ್ಯತಿಥಿಗಳಲ್ಲಿಯೂ, ನವೆಂಬರ 1ರ ರಾಜ್ಯೋತ್ಸವದಲ್ಲಿಯೂ ಈಗ ನಡೆಯುವ ಪ್ರಶಸ್ತಿಪ್ರದಾನ ಸಮಾರಂಭಗಳನ್ನು ನೋಡಿದವರಿಗೆ ಇದು ಧ್ವನಿವರ್ಧಕದ ಸಂಗಡ ಬಂದ ನವೀನ ಆಚಾರವೆಂದು ತೋರಬಹುದು. ಆದರೆ ನಮ್ಮ ಹಿರಿಯರು ಸಾವಿರ ವರ್ಷಗಳ ಹಿಂದೆಯೇ ಇದನ್ನು ನಡಿಸಿದ್ದರು. ನಡಿಸಿದ್ದನ್ನು ಕಲ್ಲಿನಲ್ಲಿ ಬರೆದೂ ಇಟ್ಟಿದ್ದರು. ಆ ಬರಹಗಳನ್ನು ಗಮನವಿಟ್ಟು ನೋಡಿದರೆ ಇಂದಿನ ಸಮಾರಂಭಗಳನ್ನು ತಿದ್ದಿಕೊಳ್ಳುವ ದಾರಿಯು ಅವುಗಳಲ್ಲಿಯೇ ಕಾಣುವದು.

ಮೊದಲು ಒಂದು ವಿನೋದದ ಸಂಗತಿ. ನಾವು ನಿಂತು ಬಹುಮಾನ ಹಂಚುವ ಈ ನೆಲವೇ ಒಮ್ಮೆ ಬಹುಮಾನವಾಗಿ ಕೈಬದಲಾಗಿತ್ತು. ಕ್ರಿ. ಶ. 949-50ರ ಆತಕೂರ ಶಾಸನವು ಇದಕ್ಕೆ ಸಾಕ್ಷಿ. ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಗಂಗ ಬೂತುಗನಿಗೆ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನು ಬನವಾಸಿ 12000, ಬೆಳ್ವೊಲ 300, ಪುಲಿಗೆರೆ 300, ಕಿಸುಕಾಡು 70, ಬಾಗೆನಾಡು 70, ಇಷ್ಟನ್ನು ಮೆಚ್ಚಿ ಕೊಟ್ಟನು. ಗದಗ, ರೋಣಗಳ ಕಡೆಯ ಎರೆಯ ಭೂಮಿಯೇ ಬೆಳ್ವೊಲವು; ಗಜೇಂದ್ರಗಡದ ನೆರೆಯ ಸೂಡಿಯು ಕಿಸುಕಾಡು ಎಪ್ಪತ್ತರ ಮುಖ್ಯ ಪಟ್ಟಣವಾಗಿತ್ತು.

ಅದೇ ಕಲ್ಲಿನಲ್ಲಿ ಇನ್ನೊಂದು ಸನ್ಮಾನವೂ ಉಂಟು. ನನಗೆ ದೊಡ್ಡದಕ್ಕಿಂತ ಇದೇ ಹೆಚ್ಚು ಪ್ರಿಯವಾದದ್ದು. ಬೂತುಗನ ಆಳಾದ ಮಣಲೆರನು ಯುದ್ಧದಲ್ಲಿ ಮೆರೆದುದನ್ನು ಕಂಡು ಒಡೆಯನು ಬೇಕಾದುದನ್ನು ಬೇಡೆಂದನು. ಮಣಲೆರನು ಪೊನ್ನನ್ನು ಬೇಡಲಿಲ್ಲ; ಕಾಳಿಯೆಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಆ ಕಾಳಿಯು ಮುಂದೆ ಹಂದಿಯೊಡನೆ ಹೋರಿ, ಹಂದಿಯೂ ತಾನೂ ಕೂಡಿಯೇ ಸತ್ತವು. ಅದರ ನೆನಪಿಗೆ ಕಲ್ಲು ನಿಂತಿತು, ಭೂಮಿ ಬಿಡಲ್ಪಟ್ಟಿತು, ಆ ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ಪಾಪವನ್ನು ಹೇಳಲಾಯಿತು. ಪಡೆಯುವವನನ್ನು ಕೇಳಿ ಕೊಟ್ಟ ಉಡುಗೊರೆಯು ಹೀಗೆ ಸಾವಿರ ವರ್ಷ ಬಾಳಿತು. ಬೇಸಿಗೆಯ ಜಾತ್ರೆಯಲ್ಲಿ, ಬೆವರಿಳಿಯುವ ಹೊತ್ತಿನಲ್ಲಿ, ಈಗಾಗಲೆ ಇಪ್ಪತ್ತು ಶಾಲು ಮನೆಯಲ್ಲಿರುವ ವೃದ್ಧನ ಹೆಗಲಿಗೆ ಇಪ್ಪತ್ತೊಂದನೆಯದನ್ನು ಹೊದಿಸುವ ನಮ್ಮ ಸಮಿತಿಗಳು ಈ ನಾಯಿಯ ಕಥೆಯನ್ನು ನೆನೆಯಬೇಕು. ಮುಪ್ಪಿನ ಶಿಕ್ಷಕನಿಗೆ ಪುಸ್ತಕ ಬೇಕಾಗಿರಬಹುದು, ಭಜನೆಯವನಿಗೆ ಹಾರ್ಮೋನಿಯಮ್ಮಿನ ದುರಸ್ತಿ ಬೇಕಾಗಿರಬಹುದು. ಒಂದು ಮಾತು ಮೊದಲೇ ಕೇಳಿದರೆ ತಿಳಿಯುವದು.

ಸೂಡಿಯ ಶಾಸನಗಳು ಬೇರೊಂದು ಸಂಗತಿಯನ್ನು ತಿಳಿಸುವವು. 11ನೆಯ ಶತಮಾನದಲ್ಲಿ ಕಿಸುಕಾಡನ್ನು ಆಳುತ್ತಿದ್ದ ಅಕ್ಕಾದೇವಿಯು ಚಾಲುಕ್ಯ ಇಮ್ಮಡಿ ಜಯಸಿಂಹನ ಸೋದರಿ. ಆಡಳಿತದಲ್ಲಿಯೂ ಯುದ್ಧದಲ್ಲಿಯೂ ಸಮರ್ಥಳು. ಚೋಳರ ದಾಳಿಯಿಂದ ಕೆಟ್ಟುಹೋಗಿದ್ದ ಸೂಡಿಯ ಎಂಟು ಸೆಟ್ಟಿಗಳ ಹಾಗೂ ಎಂಬತ್ತು ಒಕ್ಕಲುಗಳ ಮರ್ಯಾದೆ-ಕಟ್ಟಳೆಗಳನ್ನು ಆಕೆಯು ಮತ್ತೆ ಸ್ಥಾಪಿಸಿಕೊಟ್ಟಳು. ಇದು ಒಬ್ಬನಿಗೆ ಸಂದ ಗೌರವವಲ್ಲ, ಒಂದು ಊರಿನ ವ್ಯವಹಾರಸ್ಥರ ಸಮೂಹಕ್ಕೆ ಸಂದದ್ದು. ಎಂಟು, ಎಂಬತ್ತು ಎಂಬ ಎಣಿಕೆಯನ್ನು ಗಮನಿಸಿರಿ. ಯಾರು ಒಳಗಿನವರೆಂಬ ವಿಷಯದಲ್ಲಿ ವಿವಾದಕ್ಕೆ ಎಡೆಯಿರಲಿಲ್ಲ. ಇಂದು ವೇದಿಕೆಯ ಮೇಲೆ ನಿರೂಪಕನು ಕೊನೆಯ ಗಳಿಗೆಗೆ ಬಂದ ಚೀಟಿಗಳನ್ನು ನೋಡಿ ಹೆಸರುಗಳನ್ನು ಸೇರಿಸುತ್ತ ಹೋಗುವದನ್ನೂ, ಮೂವರ ಸನ್ಮಾನವು ಮೂವತ್ತಕ್ಕೆ ಏರುವದನ್ನೂ ಕಂಡವರಿಗೆ ಈ ಎಣಿಕೆಯ ಬೆಲೆ ತಿಳಿಯುವದು.

ಶಾಸನಗಳ ರಚನಾಕ್ರಮವನ್ನು ಇಲ್ಲಿ ತುಸು ವಿವರಿಸಬೇಕು. ಮೊದಲು ಆಳುವ ಅರಸನ ಹೆಸರು. ಬಳಿಕ ಕೊಡುವವನಾರು, ಪಡೆಯುವವನಾರು, ಪಡೆಯುವವನ ಯೋಗ್ಯತೆಯೇನು. ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರ. ಕೊಟ್ಟ ಭೂಮಿಯ ಅಳತೆ ಮತ್ತು ಎಲ್ಲೆ. ಕಡೆಗೆ ಇದನ್ನು ಕಾಯುವವರಿಗೆ ಪುಣ್ಯ, ಕೆಡಿಸುವವರಿಗೆ ಪಾಪ. ಒಂದು ವಾಕ್ಯದಲ್ಲಿ ಹೇಳುವದಾದರೆ, ಏತಕ್ಕಾಗಿ ಕೊಟ್ಟರೆಂಬುದನ್ನು ಹೇಳದೆ ಏನು ಕೊಟ್ಟರೆಂಬುದನ್ನು ಹೇಳುವ ರೂಢಿ ಅಲ್ಲಿಲ್ಲ. ನಮ್ಮ ಮಾನಪತ್ರಗಳಾದರೋ ಸೂರ್ಯ, ಚಂದ್ರ, ಕಾಮಧೇನುಗಳ ಉಪಮೆಗಳಿಂದ ತುಂಬಿದ್ದು, ಆ ವ್ಯಕ್ತಿಯು ಯಾವ ಊರಲ್ಲಿ ಎಷ್ಟು ವರ್ಷ ಏನು ಮಾಡಿದನೆಂಬ ಒಂದು ಸಾಲು ಅವುಗಳಲ್ಲಿ ಸಿಕ್ಕುವದು ವಿರಳ. ಹೆಸರನ್ನು ಬದಲಿಸಿದರೆ ಒಂದೇ ಮಾನಪತ್ರವು ವೈದ್ಯನಿಗೂ ನಡೆಯುವದು, ಕುಸ್ತಿಯ ಪೈಲವಾನನಿಗೂ ನಡೆಯುವದು!

ಅರ್ವಾಚೀನ ಕಾಲದಲ್ಲಿ ಈ ಪ್ರಾಂತದ ಸನ್ಮಾನಕ್ಕೆ ಹೊಸ ರೂಪ ಕೊಟ್ಟ ಸಂಸ್ಥೆಗಳಲ್ಲಿ 1890ರಲ್ಲಿ ಧಾರವಾಡದಲ್ಲಿ ಸ್ಥಾಪಿತವಾದ ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಹೆಸರಿಸತಕ್ಕದ್ದು. ಗಳಗನಾಥರ 'ಪ್ರಬುದ್ಧ ಪದ್ಮನಯನೆ' ಕಾದಂಬರಿಯು ಈ ಸಂಘದ ಬಹುಮಾನ ಪಡೆಯಿತು. ಅಲ್ಲಿ ಗೌರವವು ಮನುಷ್ಯನ ಪರಿಚಯಕ್ಕಲ್ಲ, ಆತನ ಕೃತಿಗೆ ಸಂದಿತು.

ಗದಗಿನ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳವರ (1914-2010) ತುಲಾಭಾರಗಳನ್ನು ನಮ್ಮ ಸೀಮೆಯಲ್ಲಿ ಅರಿಯದವರಿಲ್ಲ. ಊರೂರಿನ ಭಕ್ತರು ಅವರನ್ನು ತೂಗಿ ಅರ್ಪಿಸಿದ್ದು ಆಶ್ರಮದ ಅಂಧ ಹಾಗೂ ಅನಾಥ ಮಕ್ಕಳ ಅನ್ನ ವಿದ್ಯೆಗಳಿಗೆ ಸಲ್ಲುತ್ತಿತ್ತು. ಸನ್ಮಾನವು ವ್ಯಕ್ತಿಯಲ್ಲಿ ನಿಲ್ಲದೆ ಆತನ ಕಾರ್ಯಕ್ಕೆ ಮುಟ್ಟಿದ ಉದಾಹರಣೆ ಇದಕ್ಕಿಂತ ಹತ್ತಿರದಲ್ಲಿ ಬೇರೆ ಬೇಕಿಲ್ಲ. ಇನ್ನೂ ಒಂದು ಮಾತುಂಟು. ಕಣ್ಣಿಲ್ಲದ ಗಾಯಕನ ಮುಂದೆ ಹಿಡಿದ ಚೌಕಟ್ಟಿನ ಮಾನಪತ್ರವು ಅವನಿಗೆ ತಲುಪುವದು ಕಿವಿಯಿಂದ ಮಾತ್ರ. ಆದಕಾರಣ ಅದನ್ನು ಸ್ಪಷ್ಟವಾಗಿ, ಸಾವಕಾಶವಾಗಿ, ಛಾಯಾಚಿತ್ರದ ಗದ್ದಲಕ್ಕಿಂತ ಮೊದಲೇ ಓದಬೇಕು. ಕಣ್ಣುಳ್ಳವರಿಗೂ ಇದೇ ಕ್ರಮವು ಒಳ್ಳೆಯದು.

ಪಂಡಿತ ಭೀಮಸೇನ ಜೋಶಿಯವರು 1922ರಲ್ಲಿ ರೋಣದಲ್ಲಿ ಜನಿಸಿದರೆಂದು ಬಹಳ ಕಡೆಗೆ ಬರೆದದೆ; ಗದಗಿನವರೂ ತಮ್ಮವರೆಂದು ಬಿಡರು. ಅವರಿಗೆ 2008ರಲ್ಲಿ ಭಾರತರತ್ನವು ಘೋಷಿತವಾಯಿತು. ಅನಾರೋಗ್ಯದ ನಿಮಿತ್ತ ದೆಹಲಿಗೆ ಹೋಗಲಾಗದೆ ಇರಲು, 2009ರ ಫೆಬ್ರುವರಿಯಲ್ಲಿ ಪುಣೆಯ ಅವರ ಮನೆಯಲ್ಲಿಯೇ ಅದನ್ನು ಅರ್ಪಿಸಲಾಯಿತು. ದೇಶದ ಅತ್ಯುಚ್ಚ ಪ್ರಶಸ್ತಿಯೇ ಮನೆಯ ಬಾಗಿಲಿಗೆ ಹೋಗಬಹುದಾದಾಗ, ಎಂಬತ್ತು ದಾಟಿದ ನೇಕಾರನನ್ನು ರಾತ್ರಿ ಹನ್ನೊಂದರ ಪರಿಯಂತ ವೇದಿಕೆಯ ಹಿಂದಿನ ಕುರ್ಚಿಯಲ್ಲಿ ಕಾಯಿಸುವದು ಯಾವ ನ್ಯಾಯವು?

ನರಗುಂದದಲ್ಲಿ 1980ರ ಜುಲೈ 21ರ ರೈತ ಚಳವಳಿಯಲ್ಲಿ ಗೋಲೀಬಾರಿಗೆ ಬಲಿಯಾದವರ ನೆನಪಿಗೆ ನಿಂತ ವೀರಗಲ್ಲಿನ ಮುಂದೆ ವರ್ಷವೂ ಅದೇ ದಿನ ಜನರು ಕೂಡುವರು. ಅಲ್ಲಿ ಪಡೆಯುವವನು ಇಲ್ಲ, ಶಾಲು ಇಲ್ಲ. ದಿನವು ಮಾತ್ರ ತಪ್ಪುವದಿಲ್ಲ. ನಮ್ಮ ಅನೇಕ ಪ್ರಶಸ್ತಿಗಳು ಸ್ಥಾಪಕರ ಉತ್ಸಾಹ ಇಳಿದ ಮೂರನೆಯ ವರ್ಷಕ್ಕೆ ನಿಂತುಹೋಗುವದು ಒಂದು ನಿಶ್ಚಿತ ದಿನವೂ ನಿಶ್ಚಿತ ದತ್ತಿಯೂ ಇಲ್ಲದ್ದರಿಂದಲೇ.

ಇನ್ನು ಏರ್ಪಾಡಿನ ವಿಷಯ. ಆಯ್ಕೆಯನ್ನು ಜಾತ್ರೆಗೆ ಎರಡು ತಿಂಗಳು ಮುಂಚೆ ಮುಗಿಸಿ ಬಾಗಿಲು ಮುಚ್ಚಬೇಕು. ಆಯ್ಕೆ ಮಾಡುವವರಲ್ಲಿ ಬೇರೆ ಕುಲ, ಬೇರೆ ಧರ್ಮದ ಒಬ್ಬಿಬ್ಬರಿರಲಿ. 1974ರಲ್ಲಿ ಗದಗಿನ ತೋಂಟದಾರ್ಯ ಮಠದ ಪೀಠವನ್ನೇರಿದ ಸಿದ್ಧಲಿಂಗ ಮಹಾಸ್ವಾಮಿಗಳವರು ಜಾತ್ರೆಯ ಸಮಿತಿಯಲ್ಲಿ ಅನ್ಯಧರ್ಮೀಯರಿಗೂ ದಲಿತರಿಗೂ ಸ್ಥಾನವಿತ್ತು ಇದನ್ನು ನಡಿಸಿ ತೋರಿಸಿದ್ದಾರೆ. ಸಮಾರಂಭದಲ್ಲಿ ಪ್ರಾರ್ಥನೆಯ ಬೆನ್ನಿಗೇ ಸನ್ಮಾನವಾಗಲಿ, ಭಾಷಣಗಳು ಆಮೇಲೆ ಬರಲಿ. ಈಗಿನ ಕ್ರಮವು ಇದಕ್ಕೆ ತದ್ವಿರುದ್ಧವಾಗಿದ್ದು, ಸನ್ಮಾನದ ಹೊತ್ತಿಗೆ ಮುಂದಿನ ಸಾಲಿನವರು ಎದ್ದುಹೋಗಿರುವರು. ಸನ್ಮಾನಿತನಿಗೆ ಐದು ನಿಮಿಷ ಮಾತಾಡಲು ಕೊಡತಕ್ಕದ್ದು. ಅವನ ಮನೆಯವರಿಗೆ ಮುಂದೆ ಆಸನವಿರಬೇಕು. ದಾನಿಗಳ ಸನ್ಮಾನವನ್ನು ಬೇರೆ ದಿನ ಮಾಡಿದರೆ ಇಬ್ಬರ ಗೌರವವೂ ಉಳಿಯುವದು.

ಅಲ್ಲದೆ ಪ್ರತಿಯೊಂದು ಮಠದ ದಫ್ತರದಲ್ಲಿ ಸನ್ಮಾನದ ಒಂದು ವಹಿಯನ್ನು ಇಡಬೇಕು. ಅದರಲ್ಲಿ ದಿನ, ಪಡೆದವರ ಹೆಸರು, ಊರು, ಕಾರಣ, ಕೊಟ್ಟದ್ದು, ಎದುರಿಗೆ ಇದ್ದವರು, ಇಷ್ಟನ್ನು ಶಾಸನದ ಕ್ರಮದಲ್ಲಿಯೇ ಬರೆದು ಹಿರಿಯರ ರುಜು ಹಾಕಿಸಬೇಕು. ಹಿಂದೆ ಸನ್ಮಾನ ಪಡೆದವರ ಹೆಸರುಗಳನ್ನು ಹಳೆಯ ಕರಪತ್ರಗಳಿಂದ ಹಾಗೂ ಊರಿನ ವೃದ್ಧರ ಬಾಯಿಂದ ಈಗಲೇ ಸಂಗ್ರಹಿಸತಕ್ಕದ್ದು. ಕರಪತ್ರಗಳು ಗೆದ್ದಲಿಗೆ ಆಹುತಿಯಾಗುತ್ತಿವೆ. ವೃದ್ಧರೂ ಬಹಳ ಜನ ಉಳಿದಿಲ್ಲ.