ಒಂದೇ ಈಡು, ಹೊಸ ನಳಿಗೆ

ಕೆಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯ ಮಕ್ಕಳಿಗೆ 'ನಮ್ಮ ಮನೆಯ ಹಬ್ಬ' ಎಂಬ ವಿಷಯದ ಮೇಲೆ ಪ್ರಬಂಧ ಬರೆಯಲು ಹೇಳಿದ್ದೆ. ಕೊಡಗಿನ ಹುಡುಗನೊಬ್ಬ ಕೈಲ್‌ಪೊಳ್ದ್ ಹಬ್ಬವನ್ನು ಕುರಿತು ಬರೆದಿದ್ದ. ಮನೆಯ ಕೋವಿಯನ್ನು ಒರೆಸಿ, ನೆಲ್ಲಕ್ಕಿಯ ದೀಪದ ಮುಂದಿಟ್ಟು, ಅದರ ಬಾಯಿಗೆ ತೋಕ್‌ಪೂ ಸಿಕ್ಕಿಸಿ ಪೂಜಿಸುವುದನ್ನು ಅಂದವಾಗಿ ವರ್ಣಿಸಿ, ಕೊನೆಯಲ್ಲಿ ಹೀಗೊಂದು ಮಾತು ಸೇರಿಸಿದ್ದ: "ಇದು ನಮ್ಮ ಮುತ್ತಾತನ ಕೋವಿ. ಆದರೆ ಅದರ ನಳಿಗೆ ತುಕ್ಕು ಹಿಡಿದು ಹೋಗಿದ್ದರಿಂದ ತಾತ ಹೊಸದು ಹಾಕಿಸಿದರು." ಪುಸ್ತಕ ಹಿಂದಿರುಗಿಸುವಾಗ ಅವನೇ ಕೇಳಿದ: "ಸಾರ್, ನಳಿಗೆ ಬದಲಾದ ಮೇಲೆ ಅದು ಮುತ್ತಾತನ ಕೋವಿಯೇ ಹೌದೆ?"

ವ್ಯಾಕರಣದ ಪ್ರಶ್ನೆಯಾಗಿದ್ದರೆ ಆಗಲೇ ಉತ್ತರ ಕೊಡುತ್ತಿದ್ದೆ. ಇದಕ್ಕೆ ಉತ್ತರ ಹುಡುಕುತ್ತ ಹೋದ ನನಗೆ ಒಂದು ಶತಮಾನಕ್ಕೂ ಮಿಗಿಲಾದ ಚರಿತ್ರೆಯೇ ಎದುರಾಯಿತು. ಅದನ್ನು ಓದುಗರಾದ ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಪದವನ್ನೇ ನೋಡೋಣ. ಬಂದೂಕು, ತುಪಾಕಿ ಎಂಬ ಪದಗಳು ನಮಗೆ ಹೊರಗಿನಿಂದ ಬಂದವು. ಕೋವಿ ಎಂಬುದು ನಮ್ಮ ದ್ರಾವಿಡ ಮಾತು. ಕೋವಿ ಎಂದರೆ ಕೊಳವೆ, ಒಳಗೆ ಪೊಳ್ಳಾದ ನಾಳ. ಮರದ ಹಿಡಿ, ಕುದುರೆ, ಬೀಗ ಎಲ್ಲವನ್ನೂ ಬಿಟ್ಟು ನಮ್ಮವರು ಆಯುಧಕ್ಕೆ ಕೊಳವೆಯ ಹೆಸರನ್ನೇ ಇಟ್ಟರು. ಹೀಗೆ ಹೆಸರಿಟ್ಟವರಿಗೆ ಪಶ್ಚಿಮದ ಕುಶಲಿಗಳ ಅನುಭವ ತಿಳಿದಿರಲಿಲ್ಲ. ಆದರೂ ಆ ಕುಶಲಿಗಳು ನೂರಾರು ಪ್ರಯೋಗಗಳ ತರುವಾಯ ಇದೇ ನಿರ್ಣಯಕ್ಕೆ ಬಂದರು: ಕೋವಿಯ ಗುರಿ ಬಹುಮಟ್ಟಿಗೆ ಅದರ ಕೊಳವೆಯಲ್ಲಿದೆ.

ಈ ಮಾತಿಗೆ ಒಂಟಿ ಈಡಿನ ಬೇಟೆ ರೈಫಲಿನ ಕತೆಯೇ ಒಳ್ಳೆಯ ಸಾಕ್ಷಿ. ಒಂದು ತೋಟೆ ಇಟ್ಟು, ಒಂದು ಸಲ ಹಾರಿಸಿ, ಮತ್ತೆ ಕೈಯಿಂದಲೇ ಇನ್ನೊಂದನ್ನು ಇಡಬೇಕಾದ ರೈಫಲು ಇದು. ಸಾಮಾನ್ಯ ಕೋವಿಯ ನಳಿಗೆಯ ಒಳಮೈ ನುಣುಪು. ರೈಫಲಿನದರಲ್ಲಿ ತಿರುಪಿನಂತೆ ಸುತ್ತಿಹೋದ ಗೀರುಗಳಿರುತ್ತವೆ. ಅವು ಗುಂಡನ್ನು ಬುಗುರಿಯಂತೆ ತಿರುಗಿಸಿ ಕಳುಹಿಸುವುದರಿಂದ ಅದು ಹೊರಳಾಡದೆ ನೇರವಾಗಿ ಹೋಗುತ್ತದೆ. ಒಂಟಿ ಈಡಿನ ರೈಫಲುಗಳಲ್ಲಿ ಹೆಸರಾದುವು 'ಬೀಳುಗಟ್ಟಿ'ಯ ಜಾತಿಯವು. ಕೆಳಗಿನ ಸನ್ನೆಯನ್ನು ಎಳೆದರೆ ನಳಿಗೆಯ ಹಿಂದಿನ ಉಕ್ಕಿನ ಗಟ್ಟಿ ಬಾವಿಗಿಳಿದ ಕೊಡದಂತೆ ಕೆಳಕ್ಕೆ ಜಾರುತ್ತದೆ. ತೋಟೆ ಇಟ್ಟು ಸನ್ನೆಯನ್ನು ಮೇಲೆತ್ತಿದರೆ ಗಟ್ಟಿ ಮೇಲೆದ್ದು ಬಾಗಿಲು ಮುಚ್ಚುತ್ತದೆ.

ಅಮೆರಿಕದ ಕ್ರಿಶ್ಚಿಯನ್ ಶಾರ್ಪ್ಸ್ ಎಂಬಾತ ೧೮೪೮ರಲ್ಲಿ ಇಂಥ ರಚನೆಗೆ ಹಕ್ಕುಪತ್ರ ಪಡೆದ. ಮುಂದೆ ಅವನ ಹೆಸರಿನ ಭಾರಿ ರೈಫಲು ಅಲ್ಲಿನ ಬಯಲುಸೀಮೆಯ ಕಾಡೆಮ್ಮೆಗಳಾದ ಬೈಸನ್‌ಗಳಿಗೆ ಮೃತ್ಯುವಾಯಿತು. ೧೮೭೦ರ ದಶಕದಲ್ಲಿ ಚರ್ಮದ ವ್ಯಾಪಾರಕ್ಕಾಗಿ ಬೇಟೆಗಾರರು ದೂರದಲ್ಲಿ ಕುಳಿತು, ಹಿಂಡು ಬೆದರದಂತೆ ಒಂದೊಂದಾಗಿ ಹೊಡೆದುರುಳಿಸಿದರು. ಕೋಟಿಗಟ್ಟಲೆ ಇದ್ದುವೆಂದು ಎಣಿಸಲಾದ ಆ ಪ್ರಾಣಿಗಳು ೧೮೮೯ರಲ್ಲಿ ವಿಲಿಯಂ ಹಾರ್ನಡೆ ಲೆಕ್ಕ ಹಾಕಿದಾಗ ಸಾವಿರದ ಆಸುಪಾಸಿಗೆ ಇಳಿದಿದ್ದುವು. ಶಾರ್ಪ್ಸ್ ಕಂಪನಿಯೂ ೧೮೮೧ರಲ್ಲಿ ಬಾಗಿಲು ಮುಚ್ಚಿತು. ಒಂಟಿ ಈಡಿನ ಕೋವಿಯೆಂದರೆ ಬೇಟೆಗಾರನಿಗೆ ತಾನಾಗಿಯೇ ಸಂಯಮ ಬರುತ್ತದೆಂದು ಹೇಳುವುದುಂಟು. ಈ ಕತೆ ಹಾಗೆ ಹೇಳುವುದಿಲ್ಲ. ಗುರಿ ತಪ್ಪದ ಕೋವಿಯು ಲೋಭಿಯ ಕೈಗೆ ಸಿಕ್ಕರೆ ಗುರಿ ತಪ್ಪದೆಯೇ ಹಾಳುಮಾಡುತ್ತದೆ.

ಅದೇ ಕಾಲದಲ್ಲಿ ಈ ರೈಫಲಿಗೆ ಕೀರ್ತಿಯೂ ಬಂದಿತು. ೧೮೭೪ರ ಸೆಪ್ಟೆಂಬರ್ ೨೬ರಂದು ನ್ಯೂಯಾರ್ಕಿನ ಬಳಿಯ ಕ್ರೀಡ್‌ಮೂರ್ ಬಯಲಿನಲ್ಲಿ ಐರ್ಲೆಂಡಿಗೂ ಅಮೆರಿಕಕ್ಕೂ ಗುರಿಯ ಪಂದ್ಯ ನಡೆಯಿತು. ಪಕ್ಷಕ್ಕೆ ಆರು ಮಂದಿ. ದೂರ ೮೦೦, ೯೦೦, ೧೦೦೦ ಗಜ. ಐರಿಷರದು ಬಾಯಿಯಿಂದ ಮದ್ದು ತುಂಬುವ ರಿಗ್ಬಿ ರೈಫಲು. ಅಮೆರಿಕನರದು ಹಿಂದಿನಿಂದ ತೋಟೆ ಇಡುವ ರೆಮಿಂಗ್ಟನ್ ಮತ್ತು ಶಾರ್ಪ್ಸ್. ಹಿಂದಿನಿಂದ ತುಂಬುವ ಕೋವಿಗೆ ಅಷ್ಟು ದೂರದ ಗುರಿ ಸಾಧ್ಯವಿಲ್ಲವೆಂಬುದು ಅಂದಿನ ಪರಿಣತರ ಅಭಿಪ್ರಾಯ. ಪಂದ್ಯ ಮುಗಿದಾಗ ಅಮೆರಿಕಕ್ಕೆ ೯೩೪, ಐರ್ಲೆಂಡಿಗೆ ೯೩೧. ಅಮೆರಿಕದ ಕೊನೆಯ ಗುಂಡನ್ನು ಹಾರಿಸಿದ ಕರ್ನಲ್ ಬೋಡೈನ್ ಸ್ವಲ್ಪ ಮುಂಚೆ ಸೀಸೆಯೊಂದು ಒಡೆದು ಕೈ ಕೊಯ್ದುಕೊಂಡಿದ್ದ. ಅದಕ್ಕೆ ಬಟ್ಟೆ ಸುತ್ತಿಕೊಂಡೇ ಹೊಡೆದ. ಅದು ತಗುಲದಿದ್ದರೆ ಸೋಲು ಅವರದಾಗುತ್ತಿತ್ತು.

ಇಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಐರಿಷ್ ಪಕ್ಷದ ಮಿಲ್ನರ್ ಎಂಬಾತ ಹಾರಿಸಿದ ಗುಂಡೊಂದು ಸರಿಯಾಗಿ ನಡುಗಣ್ಣಿಗೇ ಬಿದ್ದಿತು. ಆದರೆ ಅದು ಪಕ್ಕದವನ ಫಲಕದ ನಡುಗಣ್ಣು! ಸಿಗಬೇಕಾಗಿದ್ದ ನಾಲ್ಕು ಅಂಕ ಸೊನ್ನೆಯಾಯಿತು. ಆ ನಾಲ್ಕು ಸೇರಿದ್ದರೆ ೯೩೫ ಆಗಿ ಪಂದ್ಯ ಐರ್ಲೆಂಡಿನದಾಗುತ್ತಿತ್ತು. ಕತ್ತಲಲ್ಲಿ ಶಬ್ದಕ್ಕೆ ಹೂಡಿದ ದಶರಥನ ಬಾಣವೂ ಗುರಿ ತಪ್ಪಿರಲಿಲ್ಲ; ಕೊಡ ತುಂಬುತ್ತಿದ್ದ ಶ್ರವಣನಿಗೆ ಅದು ತಗುಲಿತು. ಆಯುಧದ ನಿಖರತೆ ಬೇರೆ, ಹಿಡಿದವನ ವಿವೇಕ ಬೇರೆ ಎಂಬುದಕ್ಕೆ ಇವೆರಡೂ ನಿದರ್ಶನ.

ಈ ಪಂದ್ಯಕ್ಕೆ ಎರಡು ವರ್ಷ ಮೊದಲೇ, ೧೮೭೨ರಲ್ಲಿ, ಸ್ಕಾಟ್ಲೆಂಡಿನ ಜಾನ್ ಫಾರ್ಕ್ವರ್‌ಸನ್ ಬೀಳುಗಟ್ಟಿಯ ಸೊಗಸಾದ ರಚನೆಯೊಂದಕ್ಕೆ ಹಕ್ಕುಪತ್ರ ಪಡೆದಿದ್ದ. ಬ್ರಿಸ್ಟಲಿನ ಗಿಬ್ಸ್ ಅದನ್ನು ತಯಾರಿಸಿತು. ಅತ್ತ ಅಮೆರಿಕದ ಆಗ್ಡನ್ ಊರಿನ ಜಾನ್ ಬ್ರೌನಿಂಗ್ ಎಂಬ ಯುವಕ ತಂದೆಯ ಕಮ್ಮಟದಲ್ಲಿ ೧೮೭೮ರಲ್ಲಿ ಇನ್ನೊಂದು ಒಂಟಿ ಈಡಿನ ರೈಫಲನ್ನು ರೂಪಿಸಿ, ಮರುವರ್ಷ ಹಕ್ಕುಪತ್ರ ಪಡೆದ. ೧೮೮೩ರಲ್ಲಿ ವಿಂಚೆಸ್ಟರ್ ಕಂಪನಿ ಅದನ್ನು ೮೦೦೦ ಡಾಲರಿಗೆ ಕೊಂಡು, ೧೮೮೫ರಿಂದ ಮಾರಾಟಕ್ಕಿಟ್ಟಿತು. ೧೯೨೦ರವರೆಗೆ ಸುಮಾರು ೧,೪೦,೦೦೦ ರೈಫಲುಗಳು ತಯಾರಾದುವು. ಅವುಗಳ ಚೌಕಟ್ಟು ಎಷ್ಟು ಗಟ್ಟಿಯೆಂದರೆ ನಳಿಗೆ ಸವೆದುಹೋದ ಮೇಲೂ ಚೌಕಟ್ಟು ಉಳಿಯಿತು. ನಳಿಗೆ ಬದಲಿಸುವ ಕಸುಬು ಬೆಳೆದುದು ಇದರಿಂದಲೇ.

ನಳಿಗೆ ಸವೆಯುವುದೇಕೆ? ಹಳೆಯ ಕರಿಮದ್ದು ಉರಿದರೆ ಮಸಿ ಕಟ್ಟುತ್ತದೆ. ಆ ಮಸಿ ಗಾಳಿಯ ತೇವವನ್ನು ಹೀರಿ ಉಕ್ಕನ್ನು ತಿನ್ನುತ್ತದೆ. ೧೮೮೪ರಲ್ಲಿ ಫ್ರಾನ್ಸಿನ ವಿಯೆಲ್ ಹೊಗೆಯಿಲ್ಲದ ಮದ್ದನ್ನು ಕಂಡುಹಿಡಿದ ಮೇಲೆ ಮಸಿ ಕಡಿಮೆಯಾಯಿತು, ಆದರೆ ಬಿಸಿಯೂ ಒತ್ತಡವೂ ಹೆಚ್ಚಿದುವು. ತೋಟೆಯ ಮುಂದೆ ಗೀರುಗಳು ಮೊದಲಾಗುವ ಕೊರಳಿನ ಭಾಗ ಮೊದಲು ಬೆಂದು ಸವೆಯುತ್ತದೆ. ಅಲ್ಲದೆ, ಆ ಕಾಲದ ಕೇಪುಗಳಲ್ಲಿದ್ದ ಕ್ಲೋರೇಟು ಉರಿದು ನಳಿಗೆಯೊಳಗೆ ಉಪ್ಪಾಗಿ ನಿಲ್ಲುತ್ತಿತ್ತು. ಉಪ್ಪನ್ನು ಕರಗಿಸುವುದು ನೀರು, ಎಣ್ಣೆಯಲ್ಲ. ಎಣ್ಣೆಬಟ್ಟೆಯಿಂದ ಒರೆಸಿ ನಿಶ್ಚಿಂತೆಯಿಂದ ಮಲಗಿದವನ ಕೋವಿ ಮಳೆಗಾಲ ಕಳೆಯುವುದರೊಳಗೆ ತುಕ್ಕು ಹಿಡಿಯುತ್ತಿತ್ತು.

ಇದರ ದೊಡ್ಡ ಉದಾಹರಣೆ ಬ್ರಿಟಿಷ್ ಸೈನ್ಯದ್ದು. ೧೮೭೧ರಲ್ಲಿ ಅದು ಸ್ವೀಕರಿಸಿದ ಮಾರ್ಟಿನಿ-ಹೆನ್ರಿ ರೈಫಲೂ ಒಂಟಿ ಈಡಿನದೇ. ಇದರ ಗಟ್ಟಿ ಕೆಳಕ್ಕೆ ಜಾರುವುದಿಲ್ಲ, ಹಿಂತುದಿಯ ಕೀಲಿನ ಮೇಲೆ ಬಾಗುತ್ತದೆ. ಮಾರ್ಟಿನಿ ಎಂಬುದು ಈ ಬಾಗಿಲನ್ನು ರೂಪಿಸಿದವನ ಹೆಸರು, ಹೆನ್ರಿ ಎಂಬುದು ನಳಿಗೆಯ ಗೀರುಗಳನ್ನು ರೂಪಿಸಿದವನ ಹೆಸರು. ಸಣ್ಣ ಗುಂಡಿನ .೩೦೩ ತೋಟೆ ಬಂದಾಗ ಎಷ್ಟೋ ಮಾರ್ಟಿನಿಗಳಿಗೆ ಹೊಸ ನಳಿಗೆ ಹಾಕಿ ಮಾರ್ಟಿನಿ-ಮೆಟ್‌ಫರ್ಡ್ ಎಂದು ಕರೆದರು. ಮೆಟ್‌ಫರ್ಡನ ಗೀರುಗಳು ಆಳವಿಲ್ಲದ, ಅಂಚು ದುಂಡಾದ ಏಳು ಗೀರುಗಳು, ಕರಿಮದ್ದಿಗೆ ಹೇಳಿಮಾಡಿಸಿದಂಥವು. ಕಾರ್ಡೈಟ್ ಎಂಬ ಹೊಸ ಮದ್ದಿನ ಬಿಸಿಗೆ ಅವು ಬೇಗನೆ ಅಳಿಸಿಹೋದುವು. ಆಗ ಆಳವಾದ, ಅಂಚು ಚೂಪಾದ ಐದು ಗೀರುಗಳ ಎನ್‌ಫೀಲ್ಡ್ ನಳಿಗೆ ಬಂದಿತು; ರೈಫಲಿನ ಹೆಸರು ಮಾರ್ಟಿನಿ-ಎನ್‌ಫೀಲ್ಡ್ ಆಯಿತು. ಓದುಗರೇ, ಇಲ್ಲಿ ನಾಮಕರಣದ ಕ್ರಮವನ್ನು ನೋಡಿ. ಬಾಗಿಲಿನ ಹೆಸರು ಸ್ಥಿರವಾಗಿ ನಿಂತಿದೆ; ನಳಿಗೆ ಬದಲಾದಂತೆಲ್ಲ ಹೆಸರಿನ ಉತ್ತರಪದ ಬದಲಾಗಿದೆ. ಸಮಾಸವೇ ಚರಿತ್ರೆಯನ್ನು ಹೇಳುತ್ತಿದೆ!

ಇನ್ನು ನಳಿಗೆ ಬದಲಿಸುವ ಕ್ರಮ. ಚೌಕಟ್ಟನ್ನು ಭದ್ರವಾಗಿ ಹಿಡಿದು ಹಳೆಯ ನಳಿಗೆಯನ್ನು ತಿರುಪಿ ಬಿಚ್ಚುತ್ತಾರೆ. ಹೊಸ ನಳಿಗೆಯ ಬುಡವನ್ನು ಲೇತಿನಲ್ಲಿ ಕಡೆದು, ಚೌಕಟ್ಟಿಗೆ ಹೊಂದುವ ಮರೆ ಕೊಯ್ಯುತ್ತಾರೆ. ತೋಟೆ ಕೂರುವ ಮನೆಯನ್ನು ರೀಮರಿನಿಂದ ಸ್ವಲ್ಪಸ್ವಲ್ಪವಾಗಿ ಕೊರೆದು, ಖಾಲಿ ತೋಟೆಯನ್ನು ಹೊರಕ್ಕೆಳೆಯುವ ಕೊಕ್ಕೆಗೆ ಎಡೆ ಮಾಡುತ್ತಾರೆ. ಎಲ್ಲಕ್ಕಿಂತ ಮುಖ್ಯವಾದುದು ತೋಟೆಯ ತಳಕ್ಕೂ ಉಕ್ಕಿನ ಗಟ್ಟಿಗೂ ನಡುವೆ ಉಳಿಯುವ ಸಂದು. ಇದನ್ನು ಅಂಗುಲದ ಸಾವಿರದಲ್ಲಿ ಕೆಲವೇ ಪಾಲುಗಳಲ್ಲಿ ಅಳೆಯುತ್ತಾರೆ. ಸಂದು ಕಡಿಮೆಯಾದರೆ ಬಾಗಿಲು ಮುಚ್ಚದು. ಹೆಚ್ಚಾದರೆ ತೋಟೆ ಸೀಳಿ, ಬೆಂಕಿಯ ಆವಿ ಹೊಡೆಯುವವನ ಮುಖಕ್ಕೆ ಬರುತ್ತದೆ. ಕರಿಮದ್ದಿನ ಕಾಲದ ಮೆದು ಉಕ್ಕಿನ ಚೌಕಟ್ಟಿಗೆ ಇಂದಿನ ಬಿರುಸಾದ ತೋಟೆಯ ನಳಿಗೆ ಹಾಕಿದರೂ ಅಪಾಯವೇ. ೧೯೩೦ರ ಸುಮಾರಿಗೆ ಹಾರ್ನೆಟ್ ಎಂಬ ಚಿಕ್ಕ, ಚುರುಕಾದ ತೋಟೆ ಬಂದಾಗ ಎಷ್ಟೋ ಮಂದಿ ಹಳೆಯ ವಿಂಚೆಸ್ಟರ್ ಚೌಕಟ್ಟುಗಳಿಗೆ ಅದರ ನಳಿಗೆ ಹಾಕಿಸಿದರು. ತಿಳಿದ ಕುಶಲಿಗಳು ಮೊದಲು ಸೂಜಿಯ ರಂಧ್ರವನ್ನು ಕಿರಿದುಮಾಡಿ, ಆಮೇಲೆ ನಳಿಗೆಗೆ ಕೈಹಾಕುತ್ತಿದ್ದರು.

ಈ ಕುಶಲಿಗಳಲ್ಲಿ ಹ್ಯಾರಿ ಪೋಪ್ (೧೮೬೧–೧೯೫೦) ಎಂಬಾತನನ್ನು ನೆನೆಯಲೇಬೇಕು. ಗುರಿಯ ಪಂದ್ಯದವರು ತಮ್ಮ ಒಂಟಿ ಈಡಿನ ರೈಫಲುಗಳನ್ನು ಹೊಸ ನಳಿಗೆಗಾಗಿ ಅವನಿಗೆ ಕಳುಹಿಸುತ್ತಿದ್ದರು. ಅವನು ಕೊರೆದ ಗೀರುಗಳ ತಿರುವು ಬಾಯಿಯತ್ತ ಸಾಗಿದಂತೆ ಬಿಗಿಯಾಗುತ್ತಿತ್ತು. ೧೯೦೬ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಅಂಗಡಿ ತೆರೆದ. ಆ ಏಪ್ರಿಲ್ ೧೮ರ ಭೂಕಂಪ ಮತ್ತು ಬೆಂಕಿಯಲ್ಲಿ ಅದನ್ನು ಕಳೆದುಕೊಂಡ. ಮತ್ತೆ ಜರ್ಸಿ ಸಿಟಿಗೆ ಬಂದು, ಮುಪ್ಪಿನವರೆಗೂ ನಳಿಗೆ ಕೊರೆಯುತ್ತಲೇ ಇದ್ದ.

ಹಾಗಾದರೆ ಒಳ್ಳೆಯ ನಳಿಗೆ ಹಾಕಿದೊಡನೆ ಗುರಿ ಸಿದ್ಧಿಸುತ್ತದೆಯೆ? ಇಲ್ಲ. ೧೯೬೭ರಲ್ಲಿ ಅಮೆರಿಕದ ಬಿಲ್ ರೂಗರ್ ಫಾರ್ಕ್ವರ್‌ಸನ್ನನ ಮಾದರಿಯಿಂದ ಪ್ರೇರಿತನಾಗಿ 'ನಂಬರ್ ಒನ್' ಎಂಬ ರೈಫಲನ್ನು ಹೊರತಂದ. ಒಂಟಿ ಈಡಿನ ಬೇಟೆ ರೈಫಲಿನ ಕಾಲ ಮುಗಿಯಿತೆಂದುಕೊಂಡಿದ್ದವರಿಗೆ ಅದೊಂದು ಆಶ್ಚರ್ಯ. ತೋಟೆ ಹಿಂದುಮುಂದು ಓಡಾಡುವ ಯಂತ್ರ ಇಲ್ಲದಿರುವುದರಿಂದ ಇದರ ಚೌಕಟ್ಟು ಗಿಡ್ಡ. ಒಟ್ಟು ಉದ್ದ ಅಷ್ಟೇ ಇದ್ದರೂ ನಳಿಗೆಯನ್ನು ನಾಲ್ಕು ಅಂಗುಲದಷ್ಟು ಉದ್ದ ಮಾಡಬಹುದು. ಆದರೆ ಇಂಥ ಕೋವಿಗೆ ಮರ ಎರಡು ತುಂಡು. ಮುಂದಿನ ತುಂಡು ಚೌಕಟ್ಟಿನಿಂದ ಮುಂಚಾಚಿದ ಉಕ್ಕಿನ ತೋಳಿಗೆ ತಿರುಪಿನಿಂದ ಬಿಗಿದಿರುತ್ತದೆ. ಮಳೆಗಾಲಕ್ಕೆ ಮರ ಉಬ್ಬಿ ನಳಿಗೆಯನ್ನು ಒತ್ತಿದರೆ, ಅಥವಾ ನಾಲ್ಕಾರು ಈಡಿಗೆ ನಳಿಗೆ ಕಾದು ಮರಕ್ಕೆ ತಾಗಿದರೆ, ಗುಂಡು ಮೆಲ್ಲಗೆ ಜಾಗ ಬದಲಿಸುತ್ತದೆ. ಆದುದರಿಂದ ಬಲ್ಲವರು ಹೊಸ ನಳಿಗೆಗೆ ಹಣ ಸುರಿಯುವ ಮುನ್ನ ಮುಂದಿನ ಮರವನ್ನು ಕೆರೆದು ನಳಿಗೆಗೂ ಅದಕ್ಕೂ ನಡುವೆ ಕಾಗದ ತೂರುವಷ್ಟು ಎಡೆ ಬಿಡಿಸಿ ನೋಡುತ್ತಾರೆ. ಎಷ್ಟೋ ಸಲ ಅಷ್ಟರಿಂದಲೇ ಗುರಿ ಕೂಡಿಬರುತ್ತದೆ. ಶಿಷ್ಯ ತಪ್ಪಿದಾಗಲೆಲ್ಲ ಶಿಷ್ಯನ ಬುದ್ಧಿಯೇ ಮಂದವೆನ್ನಲಾಗದು. ಪಕ್ಕದಲ್ಲಿ ಕುಳಿತವನು ತಿವಿಯುತ್ತಿರಬಹುದು!

ನಮ್ಮ ದೇಶಕ್ಕೂ ಈ ಚರಿತ್ರೆಯ ಗಾಳಿ ತಾಗಿದುದುಂಟು. ಮಾರ್ಟಿನಿಯ ಗುಂಡಿಗೆ ಹೊಂದುವ .೪೫೦ ಅಳತೆಯ ತೋಟೆಗಳು ದಂಗೆಕೋರರಿಗೆ ದೊರಕೀತೆಂಬ ಭಯದಿಂದ ೧೯೦೭ರ ಸುಮಾರಿಗೆ ಬ್ರಿಟಿಷ್ ಸರ್ಕಾರ ಭಾರತಕ್ಕೆ ಅವು ಬರದಂತೆ ನಿಷೇಧಿಸಿತು. ಲಂಡನ್ನಿನ ತಯಾರಕರು .೪೬೫, .೪೭೦ ಮೊದಲಾದ ಹೊಸ ಅಳತೆಗಳನ್ನು ರೂಪಿಸಬೇಕಾಯಿತು. ಕಡೆಗೆ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದು ನಮ್ಮಲ್ಲಿ ವಿನೋದದ ಬೇಟೆಯೇ ನಿಂತಿತು. ಅದು ನಿಂತದ್ದು ಒಳ್ಳೆಯದಾಯಿತೆಂದೇ ನನ್ನ ಭಾವನೆ. ಆದರೆ ಬೇಟೆ ನಿಂತ ನಾಡಿನಲ್ಲಿಯೂ ಈ ಚರಿತ್ರೆ ನಿರುಪಯೋಗಿಯಲ್ಲ. ರಾಮನಿಗೆ ಒಂದೇ ಬಾಣ, ಒಂದೇ ಮಾತು ಎನ್ನುತ್ತೇವೆ. ಎರಡನೆಯ ಈಡು ಇಲ್ಲವೆಂದು ತಿಳಿದವನು ಮೊದಲನೆಯದಕ್ಕೆ ಮುಂಚೆ ಯೋಚಿಸಬೇಕು. ಗಾಯಗೊಂಡ ಪ್ರಾಣಿ ಪೊದೆಯಲ್ಲಿ ನರಳುತ್ತ ಸಾಯುವುದು ಗುರಿಯ ದೋಷಕ್ಕೆ ತೆರಬೇಕಾದ ಬೆಲೆ. ನಿಖರತೆಯೆಂಬುದು ಫಲಕದ ಮೇಲಿನ ಅಂಕ ಮಾತ್ರವಲ್ಲ, ಅದು ಒಂದು ಬಗೆಯ ದಯೆಯೂ ಹೌದು. ಹಾರಿಸದೆ ಕೋವಿಯನ್ನು ಇಳಿಸುವ ವಿವೇಕವೂ ಆ ದಯೆಯ ಭಾಗವೇ.

ಹುಡುಗನ ಪ್ರಶ್ನೆಗೆ ನಾನು ಕೊಟ್ಟ ಉತ್ತರವನ್ನು ಹೇಳಿ ಮುಗಿಸುತ್ತೇನೆ. ನಳಿಗೆ ಬದಲಿಸುವುದರಲ್ಲಿ ಇನ್ನೊಂದು ಕ್ರಮವುಂಟು. ಹಳೆಯ ನಳಿಗೆಯನ್ನು ಬಿಸಾಡದೆ, ಅದರ ಒಳಗನ್ನು ಅಗಲವಾಗಿ ಕೊರೆದು, ಹೊಸ ಗೀರುಗಳ ತೆಳು ಕೊಳವೆಯೊಂದನ್ನು ಒಳಗೆ ಕೂರಿಸಿ ಭದ್ರಪಡಿಸುತ್ತಾರೆ. ಹೊರಗೆ ಹಳೆಯ ಮೈ, ಹಳೆಯ ಅಕ್ಷರ. ಒಳಗೆ ಹೊಸ ದಾರಿ. ಅದನ್ನು ವಿವರಿಸಿ ಅವನಿಗೆ ಹೇಳಿದೆ: "ನಿಮ್ಮ ಊರಿನ ಗುಡಿಯ ಜೀರ್ಣೋದ್ಧಾರ ಆದಾಗ ಕಂಬ ಬದಲಾಯಿತು, ಹೆಂಚು ಬದಲಾಯಿತು. ದೇವರು ಬದಲಾದನೆ? ಮುತ್ತಾತ ಕೋವಿಯನ್ನು ಯಾವ ಮರ್ಯಾದೆಯಿಂದ ಹಿಡಿದಿದ್ದರೋ ಅದೇ ಮರ್ಯಾದೆಯಿಂದ ನೀನೂ ಹಿಡಿದರೆ ಅದು ಅವರದೇ. ಇಲ್ಲವಾದರೆ, ಹಳೆಯ ನಳಿಗೆಯೇ ಇದ್ದರೂ ಅದು ಅವರದಲ್ಲ."

ಹುಡುಗ ತುಸು ಯೋಚಿಸಿ, "ಹಾಗಾದರೆ ಸರಿ ಸಾರ್, ನಮ್ಮ ತಾತ ಅದನ್ನು ವರ್ಷಕ್ಕೊಮ್ಮೆ ಹಬ್ಬದ ದಿನ ತೆಂಗಿನಕಾಯಿಗೆ ಮಾತ್ರ ಹೊಡೆಯುತ್ತಾರೆ" ಎಂದ.

"ತಗುಲುತ್ತದೆಯೋ?" ಎಂದು ಕೇಳಿದೆ.

"ಹೊಸ ನಳಿಗೆ ಬಂದ ಮೇಲೆ ತಗುಲುತ್ತದೆ ಸಾರ್."